ವಾರಾನ್ನದ ಹಂಗು, ವಿದ್ಯೆಯ ಋಣ

ಬೆಂಗಳೂರಿನ ಶಂಕರಪುರಂ, ಬಸವನಗುಡಿ, ಚಾಮರಾಜಪೇಟೆಯ ಕಡೆ ಓದಿ ಮೇಲೆ ಬಂದ ಹಿಂದಿನ ತಲೆಮಾರಿನ ಬಡ ಹುಡುಗರಲ್ಲಿ ಅನೇಕರು ವಾರಾನ್ನದ ಮೇಲೆ ಬೆಳೆದವರು. ಹಳ್ಳಿಯಿಂದ ಬಂದ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳಬೇಕು. ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ. ಸ್ನಾನ ಮಾಡಿ ಹೊತ್ತಿಗೆ ಸರಿಯಾಗಿ ಹೋಗಿ, ಪಂಕ್ತಿಯ ಕೊನೆಯ ಎಲೆಯ ಮುಂದೆ ಕೂತು, ಬಡಿಸಿದಷ್ಟು ಉಂಡು, ಎಲೆ ಎತ್ತಿ ಸ್ಕೂಲಿಗೆ ಓಡಬೇಕು. ಇನ್ನೊಂದು ಸೌಟು ಹುಳಿ ಕೇಳಬಹುದೋ ಬಾರದೋ ಎಂಬುದನ್ನು ಬಡಿಸುವವರ ಮುಖ ನೋಡಿಯೇ ತಿಳಿದುಕೊಳ್ಳಬೇಕು. ಆ ಮನೆಯಲ್ಲಿ ಸೂತಕ ಬಂದರೆ, ಮನೆಯವರು ಮದುವೆಗೆಂದು ಊರಿಗೆ ಹೋದರೆ, ಅಂದು ಉಪವಾಸ. ಐದೇ ಮನೆ ಸಿಕ್ಕವನಿಗೆ ವಾರಕ್ಕೆ ಎರಡು ಏಕಾದಶಿ. ಎಸ್. ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಈ ಬದುಕಿನ ರುಚಿ ಗೊತ್ತು. ಹೀಗೆ ಉಂಡು ಬೆಳೆದವರು ಅನ್ನ ಇಟ್ಟ ತಾಯಂದಿರನ್ನು ಕೈಮುಗಿದು ನೆನೆಯುತ್ತಾರೆ. ಅದೇ ಉಸಿರಿನಲ್ಲಿ ಆ ಅನ್ನದ ಹಂಗನ್ನೂ ಹೇಳುತ್ತಾರೆ. ಒಂದೇ ತುತ್ತು ಒಬ್ಬನನ್ನು ಎತ್ತಿ ನಿಲ್ಲಿಸುವುದೂ ಅವನ ತಲೆ ತಗ್ಗಿಸುವುದೂ ಹೇಗೆ ಸಾಧ್ಯ?

ಇದು ಹಳೆಯ ಪ್ರಶ್ನೆಯೆಂದು ಬಿಡುವ ಹಾಗಿಲ್ಲ. ವಾರಾನ್ನ ಹೋಗಿದೆ, ಅದರ ಜಾಗಕ್ಕೆ ನೋಟ್‌ಬುಕ್ ವಿತರಣೆ, ಉಚಿತ ಟ್ಯೂಷನ್, ವಿದ್ಯಾರ್ಥಿವೇತನ, ಈಚೆಗೆ ‘ಮೆಂಟರಿಂಗ್’ ಬಂದಿವೆ. ಜೂನ್ ತಿಂಗಳಲ್ಲಿ ಫ್ಲೆಕ್ಸ್ ಕಟ್ಟಿ, ಗಣ್ಯರಿಗೆ ಶಾಲು ಹೊದಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚೀಲ ಕೊಡುವ ಸಮಾರಂಭದಲ್ಲಿ ಆ ಕೊನೆಯ ಎಲೆ ಈಗಲೂ ಇದೆ, ಫೋಟೋ ಸಮೇತ. ಕೊಡುವವರ ಮನಸ್ಸು ಒಳ್ಳೆಯದಲ್ಲ ಎಂಬುದು ನನ್ನ ಮಾತಿನ ಅರ್ಥವಲ್ಲ. ಕೊಡುವವರು ತಾವು ಯಾವ ಜಾಗದಲ್ಲಿ ನಿಂತಿದ್ದೇವೆಂದು ತಿಳಿದುಕೊಂಡಿದ್ದಾರೋ ಅಲ್ಲೇ ತಪ್ಪಿದೆ. ಬಡ ಮಕ್ಕಳ ಓದಿಗೆ ಹೆಗಲು ಕೊಡುವುದನ್ನು ನಾವು ದಾನ ಎಂದುಕೊಂಡಿದ್ದೇವೆ. ನಮ್ಮ ಶಾಸ್ತ್ರಗಳನ್ನೇ ಗಟ್ಟಿಯಾಗಿ ಹಿಡಿದು ನೋಡಿದರೆ ಅದು ಸಾಲ ತೀರಿಸುವ ಕೆಲಸ. ದಾನಿಯ ಪೀಠ ಬಿಟ್ಟು ಸಾಲಗಾರನ ಜಾಗದಲ್ಲಿ ಕೂತರೆ ಮಾಡುವ ಕೆಲಸದ ರೀತಿಯೇ ಬೇರೆಯಾಗುತ್ತದೆ.

ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತೇವೆ ಎಂಬ ಮಾತು ತೈತ್ತಿರೀಯ ಸಂಹಿತೆಯಷ್ಟು ಹಳೆಯದು: ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ, ಋಷಿಋಣ ಬ್ರಹ್ಮಚರ್ಯದಿಂದ, ಅಂದರೆ ಓದಿನಿಂದ ತೀರಬೇಕು. ಋಷಿಗಳಿಗೆ ಕೊಡಬೇಕಾದ್ದನ್ನು ಋಷಿಗಳಿಗೇ ಕೊಡಲಾಗುವುದಿಲ್ಲ. ಅವರು ಎಂದೋ ಹೋದರು. ಮನು ಪಾಠ ಹೇಳುವುದನ್ನೇ ಬ್ರಹ್ಮಯಜ್ಞವೆಂದು ಲೆಕ್ಕಹಾಕುವುದು ಅದಕ್ಕೇ ಇರಬೇಕು. ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ಸಲ್ಲಿಸಬೇಕು. ಹಾಗಾದರೆ ಸಂಜೆ ಆರು ಗಂಟೆಗೆ ಗಣಿತ ಹೇಳಿಸಿಕೊಳ್ಳಲು ಬಂದು ಕೂತ ಹುಡುಗಿ ಯಾಚಕಳಲ್ಲ. ಬಾಕಿ ವಸೂಲಿಗೆ ಬಂದವಳು. ಸಾಲ ತೀರಿಸುವವನು ಎದುರಿನವರಿಂದ ಕೃತಜ್ಞತೆ ನಿರೀಕ್ಷಿಸುವುದಿಲ್ಲ, ಅವರ ನಡತೆಯ ಪರೀಕ್ಷೆ ಮಾಡುವುದಿಲ್ಲ, ಎರಡು ಕಂತು ಕಟ್ಟಿ ಬೇಸರವಾಯಿತೆಂದು ಕೈಬಿಡುವುದೂ ಇಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಬರಲೇಬೇಕು. ಆ ಸಂಹಿತೆ ಮೂರು ಋಣ ಹೇಳಿದ್ದು ಬ್ರಾಹ್ಮಣನಿಗೆ. ವಾರಾನ್ನದ ಮನೆಗಳು ಜಾತಿ ಕೇಳಿಯೇ ಎಲೆ ಹಾಕುತ್ತಿದ್ದವು; ಬಡತನವೊಂದೇ ಅರ್ಹತೆಯಾಗಿರಲಿಲ್ಲ. ಹುಡುಗಿಯರಿಗಂತೂ ಆ ಪಂಕ್ತಿಯಲ್ಲಿ ಜಾಗವೇ ಇರಲಿಲ್ಲ. ಇಂಥ ಸಂಪ್ರದಾಯದಿಂದ ಇಂದಿನ ಕೆಲಸಕ್ಕೆ ತತ್ತ್ವ ಎರವಲು ತರುವುದು ಎಷ್ಟು ಸರಿ? ಆಕ್ಷೇಪದ ಒಂದಕ್ಷರವನ್ನೂ ಅಲ್ಲಗಳೆಯಬೇಕಿಲ್ಲ. ಆದರೆ ಋಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯತೊಡಗಿದರೆ ಅದು ಜಾತಿಯ ಗೋಡೆಯೊಳಗೆ ನಿಲ್ಲುವುದಿಲ್ಲ. ಶಂಕರಪುರಂನ ಒಂದು ಮನೆಯಲ್ಲಿ ಮೂರು ತಲೆಮಾರು ಕೂತು ಓದಿತು ಎಂದರೆ, ಬೀದಿ ಗುಡಿಸಿದವರು ಯಾರು, ಬಚ್ಚಲು ತೊಳೆದವರು ಯಾರು, ಗಾಂಧಿಬಜಾರಿನಲ್ಲಿ ಬೆಳಗಿನ ಜಾವ ಹೂ ಕಟ್ಟಿದವರು ಯಾರು, ಕೆ. ಆರ್. ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿದವರು ಯಾರು? ಆ ಓದಿಗೆ ಬಿಡುವು ಒದಗಿಸಿದವರು ಅವರು. ಅವರ ಮಕ್ಕಳೇ ಇಂದಿನ ಸಾಲಕೊಟ್ಟವರು. ಹೀಗೆ ಯೋಚಿಸಿದವರು ಹಿಂದೆಯೂ ಇದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದು, ಸ್ವಂತ ಜಾತಿಯವರ ಬಹಿಷ್ಕಾರ ಉಂಡರು. ಸಿದ್ಧಗಂಗೆಯಲ್ಲಿ 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ನಡೆಸಿಕೊಂಡು ಬಂದದ್ದು ದಾಸೋಹವೆಂದು. ಅಲ್ಲಿ ಉಣಿಸುವವನು ಸೇವಕ, ಉಣ್ಣುವವನು ಒಡೆಯ.

ತತ್ತ್ವ ಸರಿ, ಫಲವೇನು ಎಂದು ಕೇಳುವವರಿಗೆ ಹೊರಗಿನ ಒಂದು ಸಾಕ್ಷ್ಯ ಇದೆ. ಅದು ಮುದ ಕೊಡುವಂಥದ್ದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ 1939ರಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರ ಯೋಜನೆಯಂತೆ 506 ಹುಡುಗರನ್ನು ಆರಿಸಿ, ಜೋಡಿ ಜೋಡಿಯಾಗಿ ಹೊಂದಿಸಿ, ಜೋಡಿಯ ಒಬ್ಬನಿಗೆ ಮಾತ್ರ ಸಲಹೆಗಾರರ ನೆರವು ಕೊಟ್ಟರು. ಸರಾಸರಿ ಐದು ವರ್ಷ ಮನೆಭೇಟಿ, ಪಾಠ, ವೈದ್ಯೋಪಚಾರ, ಬೇಸಿಗೆ ಶಿಬಿರ ಎಲ್ಲ ನಡೆಯಿತು. ಮೂವತ್ತು ವರ್ಷ ಕಳೆದ ಮೇಲೆ ಸಂಶೋಧಕಿ ಜೋನ್ ಮೆಕಾರ್ಡ್ ಇವರನ್ನೆಲ್ಲ ಹುಡುಕಿ ತೆಗೆದು 1978ರಲ್ಲಿ ವರದಿ ಮಾಡಿದಾಗ, ನೆರವು ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಲವು ವಿಷಯಗಳಲ್ಲಿ ಕೆಟ್ಟದಾಗಿತ್ತು: ಮತ್ತೆ ಮತ್ತೆ ಅಪರಾಧ, ಕುಡಿತ, ಗಂಭೀರ ಮನೋರೋಗ, ಬೇಗ ಬಂದ ಸಾವು. ಹೀಗಿದ್ದೂ ಅವರಲ್ಲಿ ಹೆಚ್ಚಿನವರು ಆ ಕಾರ್ಯಕ್ರಮ ತಮಗೆ ಉಪಕಾರ ಮಾಡಿತೆಂದೇ ಹೇಳಿದರು! ಕಾರಣದ ಬಗ್ಗೆ ಚರ್ಚೆ ಇನ್ನೂ ಇದೆ. ಹೊರಗಿನವರ ಆಸರೆಗೆ ಒಗ್ಗಿಹೋದದ್ದು, ಬದುಕು ಕೊಡಲಾರದ ಆಸೆಗಳು ಚಿಗುರಿದ್ದು ಕಾರಣವಿರಬಹುದೆಂದು ಮೆಕಾರ್ಡ್ ಊಹಿಸಿದರು; ಹುಡುಗರನ್ನು ಶಿಬಿರಗಳಲ್ಲಿ ಒಟ್ಟುಗೂಡಿಸಿದ್ದೂ ಕೆಡುಕಾಗಿರಬಹುದೆಂದು ಆಮೇಲಿನ ವಿಶ್ಲೇಷಣೆ ಸೂಚಿಸಿತು. ಕೊಟ್ಟವರ ತೃಪ್ತಿ, ಪಡೆದವರ ಕೃತಜ್ಞತೆ ಇವೆರಡನ್ನೇ ಅಳತೆಗೋಲು ಮಾಡಿಕೊಂಡರೆ ಹಾನಿ ಕೂಡ ಪುಣ್ಯದ ಖಾತೆಗೆ ಜಮಾ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಇನ್ನೊಂದು ತುದಿಯಲ್ಲಿ, ಮೆಂಟರಿಂಗ್ ಬಗ್ಗೆ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು, ವರ್ಷಕ್ಕೂ ಮಿಕ್ಕಿ ಉಳಿದ ಒಡನಾಟಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭವಾಯಿತು, ಮೂರು ತಿಂಗಳೊಳಗೆ ಮುರಿದವು ಮಕ್ಕಳ ಆತ್ಮವಿಶ್ವಾಸವನ್ನು ಕುಗ್ಗಿಸಿದವು ಎಂದು. ಅರ್ಧಕ್ಕೆ ಬಿಟ್ಟರೆ ಕೇಡು. ಬಿಡದೆ ಹಿಡಿದರೂ, ಹಿಡಿಯುವ ಕ್ರಮ ತಪ್ಪಿದರೆ ಕೇಡು.

ಹಿಡಿಯುವ ಕ್ರಮ ಯಾವುದೆಂದು ಛಾಂದೋಗ್ಯ ಉಪನಿಷತ್ತು ಒಂದು ಕಥೆಯಲ್ಲಿ ತೋರಿಸಿದೆ. ಜಬಾಲೆ ಮನೆಮನೆಗಳಲ್ಲಿ ಪರಿಚಾರಿಕೆ ಮಾಡಿ ಬದುಕಿದವಳು. ಮಗ ಸತ್ಯಕಾಮನ ಗೋತ್ರ ಯಾವುದೆಂದು ಅವಳಿಗೇ ಗೊತ್ತಿಲ್ಲ. ಹುಡುಗ ಹಾರಿದ್ರುಮತ ಗೌತಮನ ಮುಂದೆ ನಿಂತು ಗೋತ್ರ ಗೊತ್ತಿಲ್ಲವೆಂದು ಇದ್ದದ್ದನ್ನು ಇದ್ದಹಾಗೆ ಹೇಳುತ್ತಾನೆ. ಗುರು ಉಪನಯನ ಮಾಡಿದ ಮೇಲೆ ಕೊಟ್ಟದ್ದೇನು? ನಾನೂರು ಬಡಕಲು ಹಸು. ಸಾವಿರವಾಗದೆ ಮರಳೆನೆಂದು ಹುಡುಗ ಕಾಡಿಗೆ ಹೋಗುತ್ತಾನೆ, ವರ್ಷಗಟ್ಟಲೆ ಇರುತ್ತಾನೆ. ತಲೆ ಸವರಿ ಅಯ್ಯೋ ಪಾಪ ಎನ್ನದೆ ಜವಾಬ್ದಾರಿ ಹೊರಿಸಿದ್ದು ಆ ಗುರುವಿನ ದೊಡ್ಡತನ. ಸತ್ಯಕಾಮನಿಗೆ ದಾರಿಯಲ್ಲಿ ಗೂಳಿ, ಬೆಂಕಿ, ಹಂಸ, ನೀರುಹಕ್ಕಿ ಪಾಠ ಹೇಳುತ್ತವೆ. ಮರಳಿದಾಗ ಅವನ ಮುಖದ ಕಳೆ ನೋಡಿ ಗೌತಮ ಯಾರು ಕಲಿಸಿದರಪ್ಪ ಎಂದು ಕೇಳುತ್ತಾನೆಯೇ ಹೊರತು, ನನ್ನ ಶಿಷ್ಯನಿಗೆ ಇನ್ನೊಬ್ಬರು ಕಲಿಸಿದ್ದೇಕೆ ಎಂದು ಮುನಿಯುವುದಿಲ್ಲ. ನಮ್ಮ ಸಂಘ ಸಂಸ್ಥೆಗಳು ‘ನಮ್ಮ ಹುಡುಗ’ ಎಂದು ರ‍್ಯಾಂಕ್ ಬಂದವನ ಫೋಟೋ ಹಾಕಿಕೊಳ್ಳುವ ಪೈಪೋಟಿ ನೆನೆದರೆ ಗೌತಮ ಬೇರೆ ಲೋಕದವನಂತೆ ಕಾಣುತ್ತಾನೆ.

ಗೀತೆಯೇ ಸಾತ್ತ್ವಿಕ ದಾನಕ್ಕೆ ಪಾತ್ರತೆ ಬೇಕು ಎನ್ನುತ್ತದಲ್ಲ, ಶೇಕಡ 85 ತೆಗೆದವರಿಗೇ ಸ್ಕಾಲರ್‌ಶಿಪ್ ಎನ್ನುವುದು ಅದೇ ಅಲ್ಲವೇ ಎನ್ನಬಹುದು. ಉತ್ತರಕ್ಕೆ ದೂರ ಹೋಗಬೇಕಿಲ್ಲ, ಶಂಕರಪುರಂನ ಶಂಕರಮಠದ ಪರಂಪರೆಯಲ್ಲೇ ಇದೆ. ಗಿರಿ ಎಂಬ ಶಿಷ್ಯ ಮಂದಮತಿಯೆಂದು ಹೆಸರಾದವನು. ಅವನು ಗುರುವಿನ ಬಟ್ಟೆ ಒಗೆಯಲು ಹೋಗಿದ್ದಾಗ ಶಂಕರಾಚಾರ್ಯರು ಪಾಠ ಶುರುಮಾಡದೆ ಕಾದರು. ಇನ್ನೊಬ್ಬ ಶಿಷ್ಯ ಪದ್ಮಪಾದರು ಗೋಡೆ ತೋರಿಸಿ, ಅವನಿಗೆ ಹೇಳುವುದೂ ಇದಕ್ಕೆ ಹೇಳುವುದೂ ಒಂದೇ ಎಂಬಂತೆ ಹಂಗಿಸಿದರು. ಗಿರಿ ಬಂದದ್ದು ತೋಟಕ ವೃತ್ತದಲ್ಲಿ ಶ್ಲೋಕ ಹೇಳುತ್ತ; ಆಮೇಲೆ ತೋಟಕಾಚಾರ್ಯನಾದ. ಪವಾಡದ ಭಾಗವನ್ನು ನಂಬದವರು ಬಿಡಲಿ. ಜಾಣ ಶಿಷ್ಯರು ಎದುರಿಗೇ ಕೂತಿರುವಾಗ ಗುರು ಹಿಂದುಳಿದವನಿಗಾಗಿ ಪಾಠ ನಿಲ್ಲಿಸಿ ಕಾದದ್ದನ್ನು ಆ ಪರಂಪರೆ ಹೆಮ್ಮೆಯಿಂದ ಉಳಿಸಿಕೊಂಡಿದೆ. ಶೇಕಡ 85 ತೆಗೆದವನಿಗೆ ಹೇಗಾದರೂ ದಾರಿಯಾಗುತ್ತದೆ. ಎಂಟನೇ ಕ್ಲಾಸಿನಲ್ಲಿ ಭಾಗಾಕಾರ ಬಾರದವನಿಗಾಗಿ ಯಾರು ಕಾಯುತ್ತಾರೆ?

ದೇವರು ಶಾಸ್ತ್ರ ಒಪ್ಪದವರಿಗೆ ಈ ವಾದ ಬೇಡವೇ? ಎಚ್. ನರಸಿಂಹಯ್ಯನವರನ್ನು ನೆನೆದರೆ ಸಾಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಮೇಷ್ಟರೊಬ್ಬರ ಕರೆ ನಂಬಿ 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದವರು; ಬಸ್ಸಿಗೆ ಕಾಸಿಲ್ಲದೆ ನಡೆದೇ ಬಂದವರು. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪವಾಡಗಳನ್ನು ಪ್ರಶ್ನಿಸಿ ಆಸ್ತಿಕರ ನಿಷ್ಠುರ ಕಟ್ಟಿಕೊಂಡ ಈ ವಿಚಾರವಾದಿ, ಮದುವೆಯಾಗದೆ, 2005ರಲ್ಲಿ ತೀರಿಕೊಳ್ಳುವವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳ ನಡುವೆಯೇ ಬದುಕಿದರು; ತಮ್ಮ ಸೀಮೆಯ ಬಾಗೇಪಲ್ಲಿ, ಗೌರಿಬಿದನೂರುಗಳಲ್ಲಿ ಕಾಲೇಜು ಕಟ್ಟಿಸಿದರು. ಋಷಿಋಣ ತೀರಿಸಲು ಋಷಿಗಳನ್ನು ನಂಬಲೇಬೇಕೆಂದಿಲ್ಲ.

ಇದೆಲ್ಲ ಸರ್ಕಾರದ ಕೆಲಸ ಎನ್ನುವವರ ಮಾತು ಮುಕ್ಕಾಲು ನಿಜ, ಅದನ್ನು ಸರ್ಕಾರಕ್ಕೆ ಬಿಡದೆ ಹೇಳುತ್ತಿರಬೇಕು. 2002ರಲ್ಲಿ ಶುರುವಾದ ಶಾಲೆಯ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಒಂದು ಹೊತ್ತಿನ ಊಟವನ್ನು ಹಂಗಿನಿಂದ ಬಿಡಿಸಿ ಹಕ್ಕಿನ ಕಡೆಗೆ ತಂದಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿ ಕೊಟ್ಟಿತು. ವಾರಾನ್ನದ ಯಾವ ಮನೆಯೂ ಇಷ್ಟು ಜನಕ್ಕೆ ಇಷ್ಟು ಮರ್ಯಾದೆಯಿಂದ ಬಡಿಸಿರಲಾರದು. ಮಿಕ್ಕ ಕಾಲು ಭಾಗವನ್ನು ಮಾತ್ರ ಖಜಾನೆ ಕೊಡಲಾರದು: ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬ ಹಿರಿಯರು, ಪಿಯುಸಿಗೆ ಯಾವ ಕಾಂಬಿನೇಷನ್ ತಗೊಳ್ಳಲಿ ಎಂದರೆ ಕೂತು ಯೋಚಿಸುವವರು. ಶಂಕರಪುರಂನಂಥ ಕಡೆ, ಮಕ್ಕಳು ಅಮೆರಿಕದಲ್ಲಿದ್ದು ಮನೆಯಲ್ಲಿ ಇಬ್ಬರೇ ಉಳಿದ ನಿವೃತ್ತರಲ್ಲಿ, ಸಂಜೆಯ ಆ ಹೊತ್ತು ಬೇಕಾದಷ್ಟಿದೆ. ಇಂಥ ಕಾರ್ಯಕ್ರಮ ನಡೆಸುವವರು ಹಂಚಿದ ಚೀಲಗಳ ಸಂಖ್ಯೆ ಬಿಟ್ಟು, ಮೂರನೇ ವರ್ಷಕ್ಕೂ ಉಳಿದ ಹಿರಿಯರೆಷ್ಟು, ನೆರವಿಲ್ಲದೆ ನಡೆಯಬಲ್ಲ ಮಕ್ಕಳೆಷ್ಟು ಎಂದು ರಿಜಿಸ್ಟರ್ ಇಡಲಿ.

ಕೊನೆಗೆ ಉಳಿಯುವುದು ಜಗಲಿಯ ವೇದಾಂತ: ಅವರವರ ಪ್ರಾರಬ್ಧ, ನಾವು ಯಾರು ತಪ್ಪಿಸಲು? ಕರ್ಮಸಿದ್ಧಾಂತ ತನ್ನ ಪಾಡನ್ನು ತಾನು ಅರಿಯಲು ಇರುವ ಕನ್ನಡಿ. ಪಕ್ಕದವನ ಪಾಡಿಗೆ ಬರೆಯುವ ತೀರ್ಪಲ್ಲ. ಗೀತೆ ಜ್ಞಾನಿಗೂ ಲೋಕಸಂಗ್ರಹದಿಂದ ವಿನಾಯಿತಿ ಕೊಟ್ಟಿಲ್ಲ. ಅಲ್ಲದೆ ಆ ವೇದಾಂತವನ್ನು ಆಡುವವರೂ ಅದನ್ನು ನಂಬಿದವರಲ್ಲ. ತಮ್ಮದೇ ಮೊಮ್ಮಗನಿಗೆ ಗಣಿತದಲ್ಲಿ ಹದಿನೆಂಟು ನಂಬರು ಬಂದಾಗ ಪ್ರಾರಬ್ಧವೆಂದು ಸುಮ್ಮನೆ ಕೂತ ತಾತನನ್ನು ಈ ಬೀದಿಗಳಲ್ಲಿ ಹುಡುಕಿ ತೆಗೆಯಬೇಕು. ಮಾರನೆಯ ಸಂಜೆಗೇ ಟ್ಯೂಷನ್ ಮೇಷ್ಟರು ಗೊತ್ತಾಗಿರುತ್ತಾರೆ.