ಪುಟ ಜೋಡಿಸುವವನ ಹೊಣೆ

ಜಪಾನಿನ ಛಾಯಾಚಿತ್ರಗ್ರಾಹಕ ನೊಬುಯೋಶಿ ಅರಾಕಿ 1971ರಲ್ಲಿ ತಮ್ಮ ಮಧುಚಂದ್ರದ ಚಿತ್ರಗಳನ್ನು ತಾವೇ ಪುಸ್ತಕವಾಗಿ ಅಚ್ಚು ಹಾಕಿಸಿದರು. 1990ರಲ್ಲಿ ತೀರಿಕೊಂಡ ಪತ್ನಿ ಯೋಕೊ ಅವರ ಅಂತಿಮ ದಿನಗಳನ್ನೂ ಸೆರೆಹಿಡಿದರು. ಅದೇ ಕ್ಯಾಮೆರಾ ಹಗ್ಗದಿಂದ ಬಿಗಿದ ನಗ್ನ ಸ್ತ್ರೀಯರತ್ತಲೂ ತಿರುಗಿತು. ಕೆಲವರು ಅದನ್ನು ಕಲೆಯೆಂದರು, ಕೆಲವರು ಅವಮಾನವೆಂದರು. 2001ರಿಂದ 2016ರವರೆಗೆ ಅವರಿಗೆ ರೂಪದರ್ಶಿಯಾಗಿದ್ದ ಮಹಿಳೆಯೊಬ್ಬರು, ಲಿಖಿತ ಒಪ್ಪಂದವೇ ಇರಲಿಲ್ಲ, ತಮ್ಮ ಚಿತ್ರಗಳು ತಮ್ಮ ಒಪ್ಪಿಗೆಯಿಲ್ಲದೆ ಪ್ರಕಟವಾದವು ಎಂದು 2018ರಲ್ಲಿ ಬಹಿರಂಗವಾಗಿ ಬರೆದರು.

ಪ್ರಿಯ ಓದುಗರೇ, ಇಂತಹ ಕಲಾವಿದನ ಕುರಿತು ಗ್ರಂಥವೊಂದನ್ನು ವಿನ್ಯಾಸಗೊಳಿಸುವವನ ಸ್ಥಾನದಲ್ಲಿ ನಿಂತು ಯೋಚಿಸಿರಿ. “ಚಿತ್ರ ತೆಗೆದವನು ನಾನಲ್ಲ, ಜೋಡಿಸಿದವನಷ್ಟೇ” ಎಂದು ಆತ ಜಾರಿಕೊಳ್ಳಬಹುದೇ? ಯಾವ ಚಿತ್ರ ಪುಟ ತುಂಬಬೇಕು, ಯಾವುದರ ಎದುರು ಯಾವುದಿರಬೇಕು ಎಂಬುದನ್ನು ನಿರ್ಧರಿಸುವವನು ಆತನೇ. ವಿರಹದ ಚಿತ್ರಗಳನ್ನಷ್ಟೇ ಆಯ್ದರೆ ಕಲಾವಿದ ನಿಷ್ಕಳಂಕನಾಗಿ ಕಾಣುತ್ತಾನೆ, ಅದು ಸುಳ್ಳು. ಎಲ್ಲವನ್ನೂ ಹಾಗೆಯೇ ಮುದ್ರಿಸಿದರೆ, ನೊಂದವಳ ನೋವು ಪ್ರತಿಯೊಂದು ಪ್ರತಿಯಲ್ಲೂ ಮರುಕಳಿಸುತ್ತದೆ.

ಹಾಗಾದರೆ ಮಾರ್ಗವೇನು? ಮೊದಲು ಆಕೆಯನ್ನು ಕೇಳಬೇಕು. ಬೇಡವೆಂದರೆ ಆ ಚಿತ್ರ ಬೇಡ. ಆದರೆ ಆಕೆ ನುಡಿದ ಸತ್ಯಕ್ಕೆ ಗ್ರಂಥದಲ್ಲಿ ಸ್ಥಳವಿರಲೇಬೇಕು. ಪುಸ್ತಕ ಒಂದು ಸುಂದರ ಪುಟವನ್ನು ಕಳೆದುಕೊಳ್ಳಬಹುದು. ಕಳೆದುಕೊಳ್ಳಲಿ. ಎಷ್ಟೇ ಸೌಂದರ್ಯವಿದ್ದರೂ ಅದು ಒಬ್ಬ ವ್ಯಕ್ತಿಯ ಸಮ್ಮತಿಗೆ ಬದಲಿಯಾಗಲಾರದು.