ಚೂರು ಸೇರಿದ ಮಣ್ಣು

ಹಸಿ ಮಡಕೆ ಒಡೆದರೆ ನೀರಲ್ಲಿ ನೆನೆಹಾಕಿದರಾಯಿತು. ಹದಕ್ಕೆ ಬಂದು ಮತ್ತೆ ತಿಗುರಿ ಏರುತ್ತದೆ. ಸುಟ್ಟ ಮಡಕೆ ಒಡೆದರೆ ವರ್ಷವಿಡೀ ನೆನೆಸಿದರೂ ಕರಗದು. ಬೆಂಕಿ ಕಂಡದ್ದನ್ನು ನೀರು ಅಳಿಸಲಾರದು.

*

ಸುಮಾರು 600 ಡಿಗ್ರಿ ದಾಟುವ ಹೊತ್ತಿಗೆ ಜೇಡಿಯ ಕಣಕಣದಲ್ಲಿ ಬೆಸೆದುಕೊಂಡಿದ್ದ ನೀರೂ ಹೊರಟುಹೋಗಿರುತ್ತದೆ. ಆಮೇಲೆ ಅದು ಮಣ್ಣಲ್ಲ, ಓಡು. ಓಡಿಗೆ ಮತ್ತೆ ಮಣ್ಣಾಗುವ ದಾರಿಯಿಲ್ಲ. ಮಣ್ಣಿಗೆ ಆಸರೆಯಾಗುವ ದಾರಿಯಿದೆ.

*

ಓಡನ್ನು ಕುಟ್ಟಿ, ಜರಡಿ ಹಿಡಿದು, ಹಸಿ ಮಣ್ಣಿಗೆ ಬೆರೆಸಿ ತುಳಿಯುತ್ತಾರೆ. ಇಂದಿನ ಕಲಾವಿದರು ಆ ಪುಡಿಯನ್ನು ಗ್ರಾಗ್ ಎನ್ನುತ್ತಾರೆ. ಹೆಸರು ಹೊಸದು; ನವಶಿಲಾಯುಗದ ಕೈಗಳಿಗೂ ಈ ಗುಟ್ಟು ಗೊತ್ತಿತ್ತು.

*

ಹೊಸ ಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿದ ಓಡಿನ ಪುಡಿ ನಡುವೆ ಕೂತರೆ ಬಿರುಕು ಕಡಿಮೆ. ಮನೆಯಲ್ಲೊಬ್ಬ ಅಜ್ಜಿ ಇದ್ದ ಹಾಗೆ.

*

ದಪ್ಪ ಪಾತ್ರೆಯೊಳಗಿನ ತೇವಕ್ಕೆ ಓಡಿನ ಪುಡಿಯ ಹರಳುಗಳ ಸಂದೇ ಹೊರದಾರಿ. ದಾರಿ ಸಿಗದ ತೇವ ಆವಿಗೆಯಲ್ಲಿ ಪಾತ್ರೆಯನ್ನೇ ಸಿಡಿಸುತ್ತದೆ.

*

ಪುಡಿ ಹೆಚ್ಚಾದರೆ ಮಣ್ಣಿನ ಜಿಗುಟು ಹೋಗುತ್ತದೆ, ತಿಗುರಿಯ ಮೇಲೆ ಕೈ ತರಚುತ್ತದೆ. ಅನುಭವವನ್ನೂ ಅಳೆದೇ ಬೆರೆಸಬೇಕು.

*

ಜಪಾನಿನ ಗಿಫು ಪ್ರಾಂತ್ಯದ ಮಿನೋ, ಪಿಂಗಾಣಿಗೆ ಹೆಸರಾದ ಸೀಮೆ. ಅಲ್ಲಿ 1997ರಲ್ಲಿ ಶುರುವಾದ ಯೋಜನೆಯೊಂದು, ಬಳಸಿ ಬಿಟ್ಟ ಬಟ್ಟಲುಗಳನ್ನು ಅರೆದು ಹೊಸ ಬಟ್ಟಲಾಗಿಸಿತು. ನೂರರಲ್ಲಿ 20 ಪಾಲು ಹಳೆಯದು, ಕೆಲವದರಲ್ಲಿ 50. ಎಷ್ಟು ಮನೆಗಳ ಊಟ ಒಂದು ಬಟ್ಟಲಲ್ಲಿ ಪಂಕ್ತಿ ಕೂತಿದೆಯೋ!

*

ಅದೇ ನಾಡಿನ ಕಿಂತ್ಸುಗಿ, ಒಡೆದ ಬಟ್ಟಲನ್ನು ಮರದ ಅಂಟಿನಿಂದ ಕೂಡಿಸಿ ಒಡಕಿಗೆ ಚಿನ್ನ ಬಳಿಯುತ್ತದೆ. ಅಲ್ಲಿ ಗಾಯ ಮೆರೆಯುತ್ತದೆ. ಪುಡಿಯಾದ ಓಡು ತನ್ನ ಗಾಯವನ್ನೂ ಹೆಸರನ್ನೂ ಬಿಟ್ಟುಕೊಡುತ್ತದೆ. ಮೊದಲನೆಯದಕ್ಕೆ ನೋಡುವವರು ಬೇಕು, ಎರಡನೆಯದಕ್ಕೆ ಬೇಡ.

*

ಎಲ್ಲ ಚೂರೂ ಊಟದ ತಟ್ಟೆಗೆ ಸಲ್ಲದು. ಕೆಲವು ಹಳೆಯ ಹೊಳಪಿನೊಳಗೆ ಸೀಸ ಅಡಗಿರುತ್ತದೆ. ಹಳತನ್ನು ಉಳಿಸಿಕೊಳ್ಳಲು ಹೊರಟವರಿಗೆ ಆರಿಸುವ ಕಣ್ಣು ಮೊದಲು ಬೇಕು.

*

ನಮ್ಮಲ್ಲಿ ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸೇರಿ ಸುರ್ಕಿ ಗಾರೆಯಾಯಿತು. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಆ ಗಾರೆ. ಕಾವೇರಿಯನ್ನು ತಡೆದು ನಿಲ್ಲಿಸಿದ ಬಲದಲ್ಲಿ ಪುಡಿಯ ಪಾಲೂ ಇದೆ.

*

ಲಗೋರಿಯಲ್ಲಿ ಹೆಂಚಿನ ಚೂರುಗಳನ್ನು ಬೀಳಿಸಿದರೆ ಸಾಲದು. ಚೆದುರಿದ್ದನ್ನು ಮತ್ತೆ ಪೇರಿಸಿದರೇ ಗೆಲುವು. ಇಷ್ಟು ದೊಡ್ಡ ಪಾಠವನ್ನು ಆಟವೆಂದು ಬೀದಿಯಲ್ಲೇ ಬಿಟ್ಟು ದೊಡ್ಡವರಾದೆವು.

*

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ದೊಣ್ಣೆಯ ಬಳಿಯೇ ನಿಂತುಬಿಟ್ಟಿತು. ಆಮೇಲೆ ಚೂರು ಆರಿಸಲು ಬಾಗಿದವರಿಗಾಗಿ ಇನ್ನೊಂದು ಗಾದೆ ಹುಟ್ಟಬೇಕಿತ್ತು.

*

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಓಡಿನ ಪುಡಿ ಬೆರೆತ ಮಡಕೆಯನ್ನೂ ತಟ್ಟಿ ನೋಡಿ. ಠಣ್ಣೆನ್ನುವ ಆ ಒಂದೇ ದನಿಯಲ್ಲಿ ಒಡೆದು ಬಂದದ್ದು ಯಾವುದು, ಹೊಸದಾಗಿ ಬಂದದ್ದು ಯಾವುದು ಎಂದು ಕಿವಿ ಬೇರೆ ಮಾಡಲಾರದು.