ಇಬ್ಬಿಬ್ಬರಾಗಿ ಕಳುಹಿಸಲ್ಪಟ್ಟವರು

(ಲೂಕನು ಬರೆದ ಸುವಾರ್ತೆಯ 10ನೆಯ ಅಧ್ಯಾಯದ ಮೊದಲನೆಯ ಒಂಭತ್ತು ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಬೆಳಕೆಯ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುವ ಮಕ್ಕಳು ಊರಿಗೆ ಬಂದಾಗ ನಮ್ಮನ್ನು ಒಂದು ಮಾತು ಕೇಳುವದುಂಟು. ಅಲ್ಲಿ ನೆರೆಮನೆಗೆ ಇಬ್ಬರು ಯೌವನಸ್ಥರು ಬಂದು ಹೋಗುತ್ತಾರೆ. ಬಿಳೀ ಅಂಗಿ, ಟೈ, ಎದೆಯ ಮೇಲೆ ಹೆಸರು ಬರೆದ ಕರೀ ಬಿಲ್ಲೆ. ಒಬ್ಬನನ್ನು ಬಿಟ್ಟು ಒಬ್ಬನು ಎಲ್ಲಿಗೂ ಹೋಗುವದಿಲ್ಲ. ಯೇಸು ಸ್ವಾಮಿಯ ನಾಮವನ್ನೇ ಹೇಳುತ್ತಾರೆ. ಆದರೂ ನಮ್ಮ ಸಭೆಯವರಲ್ಲ. ಇಂಥವರನ್ನು ಮನೆಯೊಳಗೆ ಕರೆಯಬಹುದೋ, ಬಾಗಿಲು ಹಾಕಿಕೊಳ್ಳಬೇಕೋ?

ಇವರು ಮೊರ್ಮನರು. ಅಮೇರಿಕಾ ದೇಶದ ನ್ಯೂಯಾರ್ಕ್ ಸೀಮೆಯಲ್ಲಿ 1830ರಲ್ಲಿ ಜೋಸೆಫ್ ಸ್ಮಿತ್ ಎಂಬವನು ಸ್ಥಾಪಿಸಿದ ಸಭೆಯವರು. ಈಗ ಆ ಸಭೆಯ ಮುಖ್ಯಸ್ಥಾನವು ಯೂಟಾ ಸೀಮೆಯಲ್ಲಿದೆ. ಬೈಬಲಿನ ಜೊತೆಗೆ ಮೊರ್ಮನನ ಪುಸ್ತಕವೆಂಬ ಇನ್ನೊಂದು ಗ್ರಂಥವನ್ನೂ ದೇವವಾಕ್ಯವೆಂದು ಎಣಿಸುತ್ತಾರೆ. ತ್ರ್ಯೈಕ್ಯದ ವಿಷಯದಲ್ಲಿ ಅವರ ಬೋಧನೆಯು ನಮ್ಮ ವಿಶ್ವಾಸಪ್ರಮಾಣಕ್ಕೆ ಒಪ್ಪುವಂಥದಲ್ಲ. ಇದನ್ನು ನಾವು ಮರೆಮಾಡದೆ ಹೇಳುತ್ತೇವೆ, ಮುಂದೆಯೂ ಹೇಳುವೆವು. ಅವರ ಬೋಧಕರು ನಮ್ಮ ದೇಶಕ್ಕೆ ಹೊಸಬರೂ ಅಲ್ಲ. 1851ರಲ್ಲಿ ಕಲ್ಕತ್ತೆಗೂ 1852ರಲ್ಲಿ ಮುಂಬಯಿಗೂ ಬಂದು, ಫಲ ಸ್ವಲ್ಪವೇ ಕಂಡು, ಕೆಲವು ವರುಷಗಳಲ್ಲಿ ಹಿಂದಿರುಗಿದರು. ಬೆಂಗಳೂರಿನಲ್ಲಿ ಅವರ ಮಿಶನ್ ಸ್ಥಾಪಿತವಾದದ್ದು 1993ರಲ್ಲಿ. ಅಲ್ಲಿ ಕೆಲಸಮಾಡುವ ಯೌವನಸ್ಥರಲ್ಲಿ ನಮ್ಮ ದೇಶದವರೂ ಇದ್ದಾರೆ.

ಆದರೆ ಈ ಸಾರಿ ಅವರ ಬೋಧನೆಗಿಂತ ಅವರ ದಿನಚರಿಯನ್ನು ವಿಚಾರಿಸೋಣ. ಬಾಗಿಲಲ್ಲಿ ನಿಂತವನು ಏನು ಹೇಳುತ್ತಾನೆಂದು ತೂಗಿ ನೋಡುವ ನಾವು, ಅವನು ಹೇಗೆ ಅಲ್ಲಿಗೆ ಬಂದು ಮುಟ್ಟಿದನೆಂದು ಯೋಚಿಸುವದು ಬಹು ಕಡಿಮೆ.

ಹುಡುಗರು ಹೊರಡುವದು 18 ವರುಷ ತುಂಬಿದ ಮೇಲೆ. 2012ಕ್ಕೆ ಮುಂಚೆ 19 ತುಂಬಬೇಕಾಗಿತ್ತು. ಅವರ ಸೇವೆಯು ಎರಡು ವರುಷ, ಹೆಣ್ಣುಮಕ್ಕಳದು ಒಂದೂವರೆ ವರುಷ. ಯಾವ ದೇಶಕ್ಕೆಂದು ಹೋಗುವವನು ಆರಿಸಿಕೊಳ್ಳುವದಿಲ್ಲ; ಸಭೆಯ ಹಿರಿಯರು ನೇಮಿಸಿದ ಕಡೆಗೆ ಹೋಗಬೇಕು. ಸಂಬಳವಿಲ್ಲ. ಖರ್ಚನ್ನು ತಾನೂ ತನ್ನ ಮನೆಯವರೂ, ಸಾಲದೆ ಹೋದರೆ ಸಭೆಯವರೂ ಹೊರುತ್ತಾರೆ. ಕೆಲವು ವಾರಗಳ ಮಟ್ಟಿಗೆ ಶಿಕ್ಷಣಶಾಲೆಯಲ್ಲಿಟ್ಟು ಭಾಷೆಯನ್ನೂ ಬೋಧಿಸುವ ಕ್ರಮವನ್ನೂ ಕಲಿಸಿ ಕಳುಹಿಸುತ್ತಾರೆ. ಕೆಲವು ವಾರಗಳಲ್ಲಿ ಎಷ್ಟು ಭಾಷೆ ಬರುವದೆಂದು ಮುಂಬಯಿಗೆ ಹೋಗಿ ಮರಾಠಿ ಕಲಿತವರನ್ನು ಕೇಳಿರಿ.

ಬೆಳಿಗ್ಗೆ ಆರೂವರೆಗೆ ಏಳುವದು, ರಾತ್ರಿ ಹತ್ತೂವರೆಗೆ ಮಲಗುವದು, ಇದು ಅವರಲ್ಲಿ ಬಹುಕಾಲ ನಡೆದ ಕಟ್ಟಳೆ. 2017ರಲ್ಲಿ ಅದನ್ನು ಆಯಾ ದೇಶದ ವಾಡಿಕೆಗೆ ತಕ್ಕಂತೆ ಸ್ವಲ್ಪ ಸಡಿಲಿಸಿದರು. ಎದ್ದು ಪ್ರಾರ್ಥನೆ, ಓದು, ಭಾಷಾಭ್ಯಾಸ; ಆಮೇಲೆ ಹೊರಗೆ ಹೊರಡುವದು, ಬಿಸಿಲಿರಲಿ ಮಳೆಯಿರಲಿ. ವಾರದಲ್ಲಿ ಒಂದು ದಿನ ಮಾತ್ರ ಬಟ್ಟೆ ಒಗೆಯುವದಕ್ಕೂ ಪೇಟೆಯ ಸಾಮಾನು ತರುವದಕ್ಕೂ ಮನೆಗೆ ಬರೆಯುವದಕ್ಕೂ ಬಿಡುವು. ಆ ಎರಡು ವರುಷ ಮದುವೆಯ ಮಾತಿಲ್ಲ. ಜೊತೆಗಾರನನ್ನು ಸಹ ತಾನು ಆರಿಸಿಕೊಳ್ಳುವದಿಲ್ಲ. ನೇಮಿಸಿದವನ ಸಂಗಡ ಒಂದೇ ಬಿಡಾರದಲ್ಲಿ ಉಂಡು ಮಲಗಿ, ಒಂದೇ ದಾರಿಯಲ್ಲಿ ನಡೆಯಬೇಕು. ಕೆಲವು ತಿಂಗಳಾದ ಮೇಲೆ ಅವನನ್ನು ಬೇರೆ ಕಡೆಗೆ ಕಳುಹಿಸಿ ಮತ್ತೊಬ್ಬನನ್ನು ಕೊಡುತ್ತಾರೆ. ಒಡಹುಟ್ಟಿದವರೇ ಒಂದು ಮಳೆಗಾಲ ಒಂದೇ ಕೋಣೆಯಲ್ಲಿದ್ದರೆ ಚಾಪೆಗೋಸ್ಕರ ಜಗಳವಾಡುವ ನಮಗೆ ಇದು ಎಷ್ಟು ಕಠಿಣವೆಂದು ತಿಳಿಯುವದು ಕಷ್ಟವಲ್ಲ.

ಇದಕ್ಕಿಂತಲೂ ಕಠಿಣವಾದದ್ದು ಇನ್ನೊಂದು ಇತ್ತು. 2019ನೆಯ ವರುಷದ ವರೆಗೆ ಈ ಮಕ್ಕಳು ತಾಯಿತಂದೆಗಳ ಸಂಗಡ ಬಾಯಿಮಾತಾಡುವದು ವರುಷಕ್ಕೆ ಎರಡೇ ಸಾರಿ, ಕ್ರಿಸ್ಮಸ್ಸಿನಲ್ಲಿ ಒಮ್ಮೆ, ತಾಯಂದಿರ ದಿನದಲ್ಲಿ ಒಮ್ಮೆ. ಉಳಿದದ್ದೆಲ್ಲಾ ಬರವಣಿಗೆಯಲ್ಲಿ. ಎರಡು ವರುಷಕ್ಕೆ ನಾಲ್ಕು ಸಾರಿ! ಆ ವರುಷದ ಫೆಬ್ರವರಿ ತಿಂಗಳಲ್ಲಿ ಅವರ ಹಿರಿಯರು ಕಟ್ಟಳೆಯನ್ನು ಬದಲಾಯಿಸಿ, ವಾರಕ್ಕೊಮ್ಮೆ ಮಾತಾಡಬಹುದೆಂದು ಅಪ್ಪಣೆ ಕೊಟ್ಟರು. ಹಿರಿಯರು ಒಳ್ಳೇದು ಮಾಡಿದರೆಂದು ನಾವು ಎಣಿಸುತ್ತೇವೆ. ಎರಡು ವರುಷ ತುಂಬುವ ಮೊದಲೇ ದೇಹದ ಇಲ್ಲವೆ ಮನಸ್ಸಿನ ಬಲಹೀನತೆಯಿಂದ ಮನೆಗೆ ಮರಳುವವರೂ ಉಂಟು. ಅಂಥವರನ್ನು ಸ್ವಂತ ಊರಿನವರೇ ಸೋತು ಬಂದವರೆಂದು ನೋಡುವದೂ ಉಂಟು. ಇದು ಅಮೇರಿಕದವರ ದೋಷ ಮಾತ್ರವೇ? ಭಟ್ಕಳ, ಹೊನ್ನಾವರ, ಕುಮಟಾ ಸೀಮೆಗಳಿಂದ ಎಷ್ಟೋ ಮನೆಗಳ ಮಕ್ಕಳು ದುಬಾಯಿಗೂ ಕೊಲ್ಲಿಯ ಬೇರೆ ದೇಶಗಳಿಗೂ ಹೋಗಿದ್ದಾರೆ. ಅಲ್ಲಿಂದ ಮಾತಾಡುವ ಮಗನು ಊಟವಾಯಿತೆಂದೂ ಕೆಲಸ ಚೆನ್ನಾಗಿದೆಯೆಂದೂ ಹೇಳುತ್ತಾನೆ. ಬೇರೆ ಏನನ್ನು ಹೇಳಿದರೂ ಕೇಳುವದಕ್ಕೆ ನಾವು ಸಿದ್ಧರಾಗಿಲ್ಲವೆಂದು ಅವನಿಗೆ ಗೊತ್ತಿದೆ. ಅವಧಿಗೆ ಮುಂಚೆ ಬಂದವನ ಮನೆಯ ಮುಂದೆ ನಿಂತು ಯಾಕೆ ಬಂದನೆಂದು ವಿಚಾರಿಸುವ ನಾಲಿಗೆಗಳು ನಮ್ಮ ಸಭೆಯಲ್ಲಿಯೂ ಇವೆ.

ಈ ಕರಾವಳಿಗೆ ಸುವಾರ್ತೆಯನ್ನು ತಂದವರಲ್ಲಿಯೂ ಇಂಥ ಯೌವನಸ್ಥರು ಇದ್ದರೆಂಬದನ್ನು ನಾವು ಮರೆಯುತ್ತೇವೆ. ಗೋಡೆಯ ಮೇಲಿನ ಪಟಗಳಲ್ಲಿ ಬಾಸೆಲ್ ಮಿಶನ್ನಿನ ಐಗಳೆಲ್ಲರೂ ಗಡ್ಡ ಬಿಟ್ಟ ಮುದುಕರಾಗಿ ಕಾಣಿಸುವದರಿಂದ ಹೀಗಾಗಿದೆ. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ತಿಂಗಳುಗಟ್ಟಲೆ ಹಡಗಿನಲ್ಲಿದ್ದು 1834ನೆಯ ಅಕ್ಟೋಬರದಲ್ಲಿ ಮಂಗಳೂರಿಗೆ ಮುಟ್ಟಿದರು. ಮುಂದೆ ಹೊನ್ನಾವರದಲ್ಲಿಯೂ ಆ ಮಿಶನ್ನಿನ ಕೆಲಸ ನಡೆಯಿತು. ಮೇಗ್ಲಿಂಗ್ ಐಗಳು 1836ರಲ್ಲಿ ಬಂದಾಗ ಅವರಿಗೆ 25 ವರುಷ. 1853ರಲ್ಲಿ ಬಂದ ಕಿಟ್ಟೆಲರಿಗೆ 21. ಆ 21ರ ಹುಡುಗನಿಗೆ ಆಗ ಕನ್ನಡದ ಮಾತು ಮಾತೂ ಹೊಸದು. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ಅಂದರೆ 41 ವರುಷಗಳ ಮೇಲೆ. ಆ ನಡುವೆ ಎಷ್ಟು ಮಂದಿ ನಮ್ಮ ಜನರು, ಪಂಡಿತರೂ ಪಾಮರರೂ, ಒಂದೊಂದು ಮಾತನ್ನು ಅವರಿಗೆ ತಿಳಿಯಹೇಳಿರಬೇಕು! ವೈಗ್ಲೆ ಐಗಳಾದರೋ 1840ರಲ್ಲಿ ಬಂದು, ಕನ್ನಡ ಬೈಬಲಿನ ತಿದ್ದುಪಾಟಿನಲ್ಲಿ ದುಡಿದು, 1855ರಲ್ಲಿ ಮಂಗಳೂರಿನಲ್ಲಿಯೇ ತೀರಿಕೊಂಡರು. ನಾಲ್ವತ್ತು ವರುಷವೂ ತುಂಬಿರಲಿಲ್ಲ. ಕಮಿಟಿಯ ಅಪ್ಪಣೆಯಿಲ್ಲದೆ ಮದುವೆಯಾಗಕೂಡದೆಂಬ ಕಟ್ಟಳೆ ಅವರಿಗೂ ಇತ್ತು. ಅವರ ಬೋಧನೆಯನ್ನು ಒಪ್ಪದವರೂ ಅವರಿಗೆ ಅಕ್ಷರ ಕಲಿಸಿದರು, ದಾರಿ ತೋರಿಸಿದರು, ಬಾವಿಯ ನೀರು ಕೊಟ್ಟರು. ಅದು ಇಲ್ಲದಿದ್ದರೆ ನಮ್ಮ ಕೈಯಲ್ಲಿರುವ ಕನ್ನಡ ಬೈಬಲು ಎಲ್ಲಿಂದ ಬರುತ್ತಿತ್ತು?

ಈ ದಾರಿಯಲ್ಲಿ ಇಲ್ಲಿಂದ ಅಲ್ಲಿಗೆ ಹೋದವರೂ ಉಂಟು. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯರು ಮಿಶನ್ ಶಾಲೆಯಲ್ಲಿ ಓದುತ್ತಾ 1844ನೆಯ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಅದರಿಂದ ಊರಲ್ಲಿ ದೊಡ್ಡ ಗಲಿಬಿಲಿಯಾಯಿತು. ತಾಯಿಯ ಮನೆಯೂ ಕೈಹಿಡಿದ ಹೆಂಡತಿಯೂ ಅವರಿಗೆ ಇಲ್ಲದೆ ಹೋದರು. 1846ರಲ್ಲಿ ಮೇಗ್ಲಿಂಗ್ ಐಗಳ ಸಂಗಡ ಬಾಸೆಲಿಗೆ ಹೋದಾಗ ಇಪ್ಪತ್ತೊಂದರ ಸುಮಾರಿನ ಪ್ರಾಯ. ಸಮುದ್ರದ ದಡದಲ್ಲಿ, ಕುಚ್ಚಲಕ್ಕಿಯ ಗಂಜಿಯ ಸೀಮೆಯಲ್ಲಿ ಬೆಳೆದವರು ಹಿಮ ಬೀಳುವ ಊರಿನ ಸೆಮಿನೆರಿಯಲ್ಲಿ ಪರಭಾಷೆಯಲ್ಲಿ ದೇವಜ್ಞಾನ ಕಲಿತರು. ಅಲ್ಲಿ ತಪ್ಪು ಮಾತಾಡಿದರೆ ತಿದ್ದುವವರೂ, ಮಂಕಾಗಿ ಕೂತರೆ ಹೊರಗೆ ಕರೆದುಕೊಂಡು ಹೋಗುವವರೂ ಬೇಕಾಗಿದ್ದರಲ್ಲವೇ? 1851ರಲ್ಲಿ ಬೋಧಕಾಭಿಷೇಕ ಹೊಂದಿ ತಿರಿಗಿ ಬಂದು, 1893ರಲ್ಲಿ ತೀರಿಕೊಳ್ಳುವ ವರೆಗೆ ಈ ದೇಶದಲ್ಲಿಯೇ ಸೇವೆಮಾಡಿದರು. ಕೊಡಗಿನ ಆನಂದಪುರವು ಅವರ ಹೆಸರನ್ನು ಹೊತ್ತಿದೆ.

ಈಗ ಲೂಕನ ಆ ಅಧ್ಯಾಯವನ್ನು ತೆರೆದು ನೋಡಿರಿ. ಕರ್ತನು ತನ್ನವರನ್ನು ಹಣದ ಚೀಲವೂ ಹಸಿಬೆಯೂ ಕೆರವೂ ಇಲ್ಲದೆ ಕಳುಹಿಸುತ್ತಾನೆ. ಯಾಕೆ? ಹೋದವನು ಹೋದ ಮನೆಯವರ ಋಣದಲ್ಲಿ ಬೀಳಬೇಕು. ಬರಿಗೈಯಲ್ಲಿ ಬಂದವನು ಮೇಲಿನವನಾಗಿ ನಿಲ್ಲಲಾರನು. ಹಾಗೆಯೇ ಆ ಮನೆಯವರ ಕೈಯಲ್ಲಿ ಒಂದು ಪ್ರಾಣವು ಒಪ್ಪಿಸಲ್ಪಡುತ್ತದೆ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವನಿಗೆ ಆಸರಿಗೆ ಬೇಕೋ ಎಂದು ಮೊದಲು ಕೇಳಿ ಆಮೇಲೆ ಬಂದ ಕಾರ್ಯ ಕೇಳುವ ವಾಡಿಕೆ ಇದೆ. ಇದು ಸುವಾರ್ತೆಗೆ ದೂರವಾದ ವಾಡಿಕೆಯಲ್ಲ.

ಆದುದರಿಂದ ಬೆಂಗಳೂರಿನ ನಮ್ಮ ಮಕ್ಕಳಿಗೆ ಹೇಳುವದೇನಂದರೆ, ಬಾಗಿಲು ತೆರೆಯಿರಿ. ಅವರು ತಮ್ಮ ಗ್ರಂಥವನ್ನು ತೆಗೆದರೆ ನೀವು ನಿಮ್ಮ ಬೈಬಲನ್ನು ತೆಗೆಯಿರಿ, ಒಪ್ಪದ್ದನ್ನು ಒಪ್ಪುವದಿಲ್ಲವೆಂದು ನೆಟ್ಟಗೆ ಹೇಳಿರಿ, ಹಂಗಿಸಬೇಡಿರಿ. ವಾದಕ್ಕೆ ಮೊದಲು ಯಾವ ಊರು, ತಾಯಿ ಇದ್ದಾರೋ, ಮನೆ ಬಿಟ್ಟು ಎಷ್ಟು ತಿಂಗಳಾಯಿತು ಎಂದು ವಿಚಾರಿಸಿರಿ. ಕನ್ನಡದ ನಾಲ್ಕು ಮಾತು ತಪ್ಪಾಗಿ ಆಡಿದರೆ ನಗದೆ ತಿದ್ದಿರಿ. ಒಂದು ಸಂಗತಿ ಮಾತ್ರ ಮುಂಚಿತವಾಗಿ ತಿಳಿದಿರಲಿ: ಚಹಾ, ಕಾಫಿ ಕೊಟ್ಟರೆ ಅವರು ಕುಡಿಯುವದಿಲ್ಲ. ಅದು ಅವರ ಸಭೆಯ ಕಟ್ಟಳೆ. ಇಟ್ಟದ್ದನ್ನು ಉಣ್ಣಿರೆಂಬ ಕರ್ತನ ಅಪ್ಪಣೆಗೆ ಇದು ಹೇಗೆ ಹೊಂದುವದೋ ಅವರನ್ನೇ ಕೇಳಬಹುದು. ಆದರೆ ಲೋಟವನ್ನು ಹಿಂದಕ್ಕೆ ಸರಿಸಿದರೆಂದು ಮುನಿಸಿಕೊಳ್ಳಬೇಡಿರಿ. ಊರಿಂದ ಹೋಗುವಾಗ ತಾಯಂದಿರು ಒಣಗಿಸಿದ ಮುರುಗಲ ಸಿಪ್ಪೆಯನ್ನು ಕಟ್ಟಿಕೊಡುತ್ತಾರಲ್ಲಾ, ಅದನ್ನು ನೀರಲ್ಲಿ ನೆನೆಹಾಕಿ, ಬೆಲ್ಲ ಹಾಕಿ, ಸ್ವಲ್ಪ ಜೀರಿಗೆ ಅರೆದು ಕೊಡಿರಿ.